ಅಣ್ಣಂಗೆ 19, ತಮ್ಮಂಗೆ 16: ಬೇಲೂರು ಕಡೆಯ ಒಂದು ಹೊಡೆದಾಟ, ಎರಡು ಕೋರ್ಟು

ಮೊದ್ಲೇ ಹೇಳ್ಬಿಡ್ತೀನಿ, ಇದು ನಡೆದಿರೋ ಕೇಸ್ ಅಲ್ಲ, ನಾನೇ ಕಟ್ಟಿರೋ ಕೇಸು. ಹದಿನೆಂಟು ತುಂಬದ ಹುಡುಗ ಸಿಕ್ಕಾಕ್ಕೊಂಡಿರೋ ಪ್ರಕರಣದಲ್ಲಿ ಹೆಸ್ರು, ವಿಳಾಸ, ಶಾಲೆ, ಗುರುತು ಹತ್ತೋ ಯಾವ್ದನ್ನೂ ಹೊರಗೆ ಬಿಡ್ಬಾರ್ದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತೆ. ಅದಕ್ಕೇ ನಮ್ ಕಡೆ ಎಸ್ಟೇಟಲ್ಲಿ ಯಾವಾಗ್ ಬೇಕಾದ್ರೂ ಆಗ್ಬಹುದಾದ ಒಂದು ಸನ್ನಿವೇಶ ತಗೊಂಡು ಅದನ್ನ ಠಾಣೆಯಿಂದ ತೀರ್ಪಿನವರೆಗೂ ನಡೆಸ್ಕೊಂಡು ಹೋಗ್ತೀನಿ. ಮನುಷ್ಯರು ಕಲ್ಪನೆ, ಕಾನೂನು ಮತ್ತೆ ಹೆಸರು ಹೇಳಿರೋ ತೀರ್ಪುಗಳು ನಿಜವಾದ್ವು.

ಜನವರಿ ತಿಂಗಳು, ಬೇಲೂರು ತಾಲ್ಲೂಕಿನಲ್ಲಿ ಚಿಕ್ಕಮಗಳೂರು ಗಡಿಗೆ ಹತ್ರ ಇರೋ ಒಂದು ಎಸ್ಟೇಟು. ರೊಬಸ್ಟಾ ಹಣ್ಣು ಕುಯ್ಯೋ ಟೈಮು, ಕೂಲಿ ಕೆಜಿ ಲೆಕ್ಕ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬಟವಾಡೆ ಶುರುವಾಯ್ತು. ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು, ಒಬ್ಳು ಹೆಂಗಸಿನ ಚೀಲದಲ್ಲಿ ಎಲೆ, ಹಸಿರು ಕಾಯಿ ಜಾಸ್ತಿ ಇದೆ ಅಂತ ವಾರದ ತೂಕದಲ್ಲೇ ಕಡಿತ ಹಾಕಿದ್ರು, ಆಯಮ್ಮ ಯಾಕೆ ಸಾರ್ ಅಂತ ಕೇಳಿದ್ದಕ್ಕೆ ಲೈನ್ ಮನೆಯವ್ರೆಲ್ಲಾ, ಅಂದ್ರೆ ಎಸ್ಟೇಟಿನ ಸಾಲು ಮನೆಗಳ ಕೂಲಿಯವ್ರೆಲ್ಲಾ, ನಿಂತಿರೋವಾಗ್ಲೇ ಬರೀಬಾರ್ದಂಥ ಒಂದು ಮಾತು ಅಂದ್ಬಿಟ್ರು. ಆಯಮ್ಮಂಗೆ ಇಬ್ರು ಗಂಡುಮಕ್ಳು. ದೊಡ್ಡೋನಿಗೆ 19 ವರ್ಷ ಮೂರು ತಿಂಗಳು, ಪಿಕಪ್ ಓಡಿಸ್ತಾನೆ. ಚಿಕ್ಕೋನು ಫಸ್ಟ್ ಪಿಯುಸಿ. ಸಂಜೆ ಏಳು ಗಂಟೆ ಹೊತ್ತಿಗೆ ಕೈಮರದ ಹತ್ರ ಅಂಗಡಿ ಮುಂದೆ ರೈಟ್ರು ಬೈಕ್ ನಿಲ್ಸಿದ್ರು, ಇವ್ರಿಬ್ರೂ ಹೋಗಿ ಕೇಳಿದ್ರು, ಮಾತಿಗೆ ಮಾತು ಬೆಳೀತು, ತಳ್ಳಾಟ ಆಯ್ತು, ಚಿಕ್ಕೋನು ಕೊರಳ್ ಪಟ್ಟಿ ಹಿಡ್ಕೊಂಡ, ದೊಡ್ಡೋನು ಅಂಗಡಿ ಬಾಗ್ಲಲ್ಲಿ ಮಾರಕ್ಕೆ ಇಟ್ಟಿದ್ದ ಗುದ್ದಲಿ ಕಾವು ತಗೊಂಡು ಎರಡೇಟು ಹಾಕ್ದ. ಒಂದು ಭುಜಕ್ಕೆ, ಇನ್ನೊಂದು ತಲೆಗೆ. ರೈಟ್ರು ಕೂತ್ರು, ದೊಡ್ಡೋನೇ ಕಾವು ಬಿಸಾಕಿ ಅಂಗಡಿಯಿಂದ ನೀರು ತಂದ್ಕೊಟ್ಟ, ಅವ್ರು ಎದ್ದು ಬೈಕ್ ತಳ್ಕೊಂಡು ಮನೆಗೂ ಹೋದ್ರು. ರಾತ್ರಿ ವಾಂತಿ ಶುರುವಾಯ್ತು. ಬೇಲೂರಿಂದ ಹಾಸನಕ್ಕೆ ಕಳ್ಸಿದ್ರು, ಮೂರನೇ ದಿನ ತಲೆಯೊಳಗಿನ ರಕ್ತಸ್ರಾವದಿಂದ ತೀರ್ಕೊಂಡ್ರು. ಅವ್ರಿಗೆ ಹೆಂಡ್ತಿ, ಏಳು ವರ್ಷದ ಮಗಳು.

ಎಫ್‌ಐಆರ್ ಮೊದ್ಲು ಭಾರತೀಯ ನ್ಯಾಯ ಸಂಹಿತೆಯ 109, ಅಂದ್ರೆ ಕೊಲೆ ಯತ್ನ. ಪ್ರಾಣ ಹೋದ್ಮೇಲೆ 103(1), ಕೊಲೆ, ಜೊತೆಗೆ ಇಬ್ರಿಗೂ ಒಂದೇ ಉದ್ದೇಶ ಇತ್ತು ಅಂತ 3(5). ಹಳೇ ಐಪಿಸಿಯ 302 ಮತ್ತೆ 34 ಇದ್ವಲ್ಲ, 2024ರ ಜುಲೈ 1ರಿಂದ ಅವೇ ಈ ನಂಬರ್ ತಗೊಂಡಿವೆ.

ಇಲ್ಲಿಂದ ಮುಂದಕ್ಕೆ ಹೋಗೋಕ್ ಮುಂಚೆ ನನ್ ಮಾತು ಒಂದು ಹೇಳ್ಬಿಡ್ತೀನಿ. ನಾವೆಲ್ಲಾ ಶಿಕ್ಷೆ ಅಂದ್ರೆ ಕೊನೇ ದಿನ ಜಡ್ಜ್ ಸಾಹೇಬ್ರು ಓದೋ ಆ ಒಂದು ಸಾಲು ಅನ್ಕೊಂಡಿರ್ತೀವಿ. ಹುಡುಗ್ರ ಕೊಲೆ ಕೇಸಲ್ಲಿ ಮುಕ್ಕಾಲು ಪಾಲು ಶಿಕ್ಷೆ ಅದಕ್ಕೆ ಬಹಳ ಮುಂಚೆ ತೀರ್ಮಾನ ಆಗಿರುತ್ತೆ. ಹುಟ್ಟಿದ ತಾರೀಖು ಬರೆದ ಮೇಷ್ಟ್ರು, ಸೆಕ್ಷನ್ ಹಾಕಿದ ಇನ್ಸ್‌ಪೆಕ್ಟ್ರು, ಹುಡುಗನ ಜೊತೆ ಕೂತು ಮಾತಾಡಿದ ಮನಶ್ಶಾಸ್ತ್ರಜ್ಞೆ, ಇವ್ರ ಕೈಯಲ್ಲಿ.

ಮೇಷ್ಟ್ರಿಂದಾನೇ ಶುರು ಮಾಡೋಣ. ಚಿಕ್ಕೋನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಪ್ರಕಾರ ಘಟನೆ ದಿನ ಅವನಿಗೆ 16 ವರ್ಷ ನಾಲ್ಕು ತಿಂಗಳು. ಆದ್ರೆ ತಾಯಿ ಕಾರ್ಡಲ್ಲಿ, ಪಂಚಾಯ್ತಿ ಜನನ ಪ್ರಮಾಣಪತ್ರದಲ್ಲಿ ಇರೋದು ಬೇರೆ ತಾರೀಖು, ಅದ್ರ ಪ್ರಕಾರ 15 ವರ್ಷ ಹತ್ತು ತಿಂಗಳು. ಒಂದನೇ ಕ್ಲಾಸಿಗೆ ಸೇರಿಸೋವಾಗ ವಯಸ್ಸು ಸಾಲ್ದು ಅಂತ ಮೇಷ್ಟ್ರು ಆರು ತಿಂಗಳು ಹಿಂದಕ್ಕೆ ಬರ್ಕೊಂಡಿದ್ರು, ನಮ್ ಹಳ್ಳಿಗಳಲ್ಲಿ ಇದು ಯಾರೂ ತಪ್ಪು ಅಂತ ಕೂಡ ಅನ್ಕೊಳ್ಳದ ವಿಷ್ಯ. ಈ ಆರು ತಿಂಗಳಿಗೆ ಈಗ ಎಂಥಾ ಬೆಲೆ ಬಂತು ನೋಡಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 16 ತುಂಬದೇ ಇದ್ರೆ ಏನೇ ಅಪರಾಧ ಆಗಿರ್ಲಿ, ಕೊಲೆನೇ ಆಗಿರ್ಲಿ, ಕೇಸ್ ಬಾಲನ್ಯಾಯ ಮಂಡಳಿ ಬಿಟ್ಟು ಆಚೆ ಹೋಗಲ್ಲ, ಹೆಚ್ಚಂದ್ರೆ ಮೂರು ವರ್ಷ ವಿಶೇಷ ಗೃಹ, ಅಂದ್ರೆ ಇಂಥ ಮಕ್ಕಳನ್ನ ಇಟ್ಟು ತಿದ್ದೋ ಜಾಗ. 16 ದಾಟಿ 18ರ ಒಳಗಿದ್ದು ಅಪರಾಧ ಘೋರದ್ದಾಗಿದ್ರೆ ಮಾತ್ರ ದೊಡ್ಡೋರ ಥರ ವಿಚಾರಣೆ ಮಾಡ್ಬೇಕಾ ಅನ್ನೋ ಪ್ರಶ್ನೆ ಹುಟ್ಟೋದು.

ಹುಡುಗನ ವಕೀಲ್ರು ಪಂಚಾಯ್ತಿ ಸರ್ಟಿಫಿಕೇಟ್ ಹಿಡ್ಕೊಂಡು ವಾದ ಮಾಡಿದ್ರು. ಆದ್ರೆ 94ನೇ ಸೆಕ್ಷನ್ ಒಂದು ಸಾಲು ಹಾಕಿಟ್ಟಿದೆ: ಮೊದ್ಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು, ಅದು ಇಲ್ದಿದ್ರೆ ಪಂಚಾಯ್ತಿ ಅಥವಾ ಪುರಸಭೆ ಕೊಟ್ಟ ಜನನ ಪತ್ರ, ಅದೂ ಇಲ್ಲ ಅಂದ್ರೆ ಮಾತ್ರ ಮೂಳೆ ಪರೀಕ್ಷೆ. ಮಾರ್ಕ್ಸ್ ಕಾರ್ಡ್ ಕಣ್ಮುಂದೆ ಇರೋವಾಗ ಪಂಚಾಯ್ತಿ ಪತ್ರದ ಸರದಿನೇ ಬರಲ್ಲ ಅಂತ ಮಂಡಳಿ ಹೇಳ್ತು. ವಯಸ್ಸು 16 ವರ್ಷ ನಾಲ್ಕು ತಿಂಗಳು ಅಂತ ಬರ್ಕೊಂಡ್ರು. ಹುಟ್ಟಿದಾಗ್ಲೇ ಬರೆದ ಕಾಗದಕ್ಕಿಂತ ಆರು ವರ್ಷ ಆದ್ಮೇಲೆ ಶಾಲೆಯಲ್ಲಿ ಬರೆದ ಕಾಗದಕ್ಕೆ ಮೊದಲ ಜಾಗ ಯಾಕೆ ಅಂತ ನಂಗೆ ಇವತ್ತಿಗೂ ಸಮಾಧಾನ ಆಗಿಲ್ಲ, ಆದ್ರೆ ಕಾಯ್ದೆ ಇರೋದೇ ಹಾಗೆ.

ವಯಸ್ಸಿನ ವಿಷ್ಯ ಮೊದ್ಲೇ ಎತ್ತದೇ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗ್ಬೇಕಿಲ್ಲ. 1994ರಲ್ಲಿ ಪುಣೆಯಲ್ಲಿ ಒಂದೇ ಮನೆಯ ಏಳು ಜನರ ಕೊಲೆ ಆಗಿತ್ತು, ಅದ್ರಲ್ಲಿ ಗಲ್ಲು ಶಿಕ್ಷೆ ಆಗಿದ್ದ ನಾರಾಯಣ ಚೇತನರಾಮ್ ಚೌಧರಿ ಅನ್ನೋನಿಗೆ ಆಗ ಹನ್ನೆರಡೂವರೆ ವರ್ಷ ಅಷ್ಟೇ ಅಂತ ಸುಪ್ರೀಂ ಕೋರ್ಟ್ ಒಪ್ಪಿ ಬಿಡುಗಡೆ ಮಾಡಿದ್ದು 2023ರ ಮಾರ್ಚಲ್ಲಿ, 28 ವರ್ಷ ಜೈಲಾದ್ಮೇಲೆ. 2025ರ ಜನವರಿಯಲ್ಲಿ ಓಂ ಪ್ರಕಾಶ್ ಅನ್ನೋರದ್ದೂ ಇದೇ ಕಥೆ, ಡೆಹ್ರಾಡೂನಿನ 1994ರ ಕೇಸು, ಆಗ ಅವ್ರಿಗೆ 14 ವರ್ಷ, ಒಳಗಿದ್ದಿದ್ದು ಸುಮಾರು 25 ವರ್ಷ. ವಯಸ್ಸಿನ ತಕರಾರನ್ನ ಯಾವ ಹಂತದಲ್ಲಾದ್ರೂ, ಶಿಕ್ಷೆ ಖಾಯಂ ಆದ್ಮೇಲೂ ಎತ್ತಬಹುದು ಅಂತ ಕಾನೂನಿದೆ ನಿಜ, ಆದ್ರೆ ಹೋದ ವರ್ಷಗಳನ್ನ ಯಾರು ಕೊಡ್ತಾರೆ. ಲೆಕ್ಕಕ್ಕೆ ಬರೋದು ಅಪರಾಧ ನಡೆದ ದಿನದ ವಯಸ್ಸು, ಕೋರ್ಟಿಗೆ ತಂದು ನಿಲ್ಸಿದ ದಿನದ್ದಲ್ಲ, ಇದನ್ನ 2005ರಲ್ಲಿ ಪ್ರತಾಪ್ ಸಿಂಗ್ ಕೇಸಲ್ಲಿ ಐದು ಜಡ್ಜ್‌ಗಳ ಪೀಠ ಇತ್ಯರ್ಥ ಮಾಡಿದೆ.

ಎರಡನೇದು ಸೆಕ್ಷನ್ನು. ಜನ ಗಮನಿಸೋದೇ ಇಲ್ಲ ಇದನ್ನ. ಘೋರ ಅಪರಾಧ ಅಂದ್ರೆ ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಜಾಸ್ತಿ ಇರೋದು ಅಂತ ಕಾಯ್ದೆಯ ಅರ್ಥ. 103(1) ಆದ್ರೆ ಕನಿಷ್ಠವೇ ಜೀವಾವಧಿ, ಆದ್ದರಿಂದ ಘೋರ. ಅದೇ ಸಾವನ್ನ ಕೊಲೆಯಲ್ಲದ ನರಹತ್ಯೆ ಅಂತ 105ಕ್ಕೆ ಹಾಕಿದ್ರೆ, ಅದ್ರ ಮೊದಲ ಭಾಗದಲ್ಲಿ ಜೀವಾವಧಿ ಇಲ್ಲಾಂದ್ರೆ ಐದರಿಂದ ಹತ್ತು ವರ್ಷ, ಎರಡನೇ ಭಾಗದಲ್ಲಿ ಹತ್ತು ವರ್ಷದವರೆಗೆ. ಕನಿಷ್ಠ ಏಳು ಎಲ್ಲೂ ಇಲ್ಲ, ಹಾಗಾಗಿ ಅದು ಬರೀ ಗಂಭೀರ ಅಪರಾಧ, ಹುಡುಗಂಗೆ 17 ವರ್ಷ 11 ತಿಂಗಳಾಗಿದ್ರೂ ಕೇಸ್ ಮಂಡಳಿಯಲ್ಲೇ ಮುಗಿಯುತ್ತೆ. ದೆಹಲಿಯಲ್ಲಿ ಕಾರ್ ಹಾಯಿಸಿ ಒಬ್ರ ಸಾವಿಗೆ ಕಾರಣ ಆದ ಹುಡುಗನ ಕೇಸು, ಶಿಲ್ಪಾ ಮಿತ್ತಲ್ ಅಂತ ಹೆಸ್ರು, ಅದ್ರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ, ಆಮೇಲೆ 2021ರ ತಿದ್ದುಪಡಿಯಲ್ಲಿ ಕಾಯ್ದೆಗೇ ಸೇರ್ತು.

ಈಗ ನಮ್ ಕೇಸ್ ನೋಡಿ. ಅಂಗಡಿಯಲ್ಲಿ ಸಿಕ್ಕಿದ ಕಾವು, ಎರಡೇ ಏಟು, ಗಾಯ ಆದೋರು ಎದ್ದು ಮನೆಗೆ ಹೋಗಿದಾರೆ, ಹೊಡ್ದೋನೇ ನೀರು ಕೊಟ್ಟಿದಾನೆ. ಇದು 103 ಅನ್ನೋದು ಪೊಲೀಸ್ರ ಅಭಿಪ್ರಾಯ, ಸಾಬೀತಾದ ವಿಷ್ಯ ಅಲ್ಲ. ಆದ್ರೂ ಕೊರಳ್ ಪಟ್ಟಿ ಹಿಡಿದಿದ್ದ ಹದಿನಾರರ ಹುಡುಗ ಪ್ರಾಥಮಿಕ ಮೌಲ್ಯಮಾಪನಕ್ಕೆ, ಅಂದ್ರೆ ದೊಡ್ಡೋರ ಥರ ವಿಚಾರಣೆ ಮಾಡ್ಬೇಕಾ ಅಂತ ಮಂಡಳಿ ನೋಡೋ ಪರೀಕ್ಷೆಗೆ, ಕೂರ್ಬೇಕಾಗಿದ್ದು ಆ ಒಂದು ನಂಬರಿನಿಂದ.

ಮಂಡಳಿ ಅಂದ್ರೆ ಒಬ್ರು ಮ್ಯಾಜಿಸ್ಟ್ರೇಟ್, ಇಬ್ರು ಸಮಾಜ ಕಾರ್ಯಕರ್ತರು, ಅದ್ರಲ್ಲಿ ಒಬ್ರಾದ್ರೂ ಹೆಂಗಸ್ರಿರ್ಬೇಕು. 15ನೇ ಸೆಕ್ಷನ್ ಪ್ರಕಾರ ಅವ್ರು ನೋಡ್ಬೇಕಾಗಿರೋದು ಇಷ್ಟು: ಇಂಥ ಅಪರಾಧ ಮಾಡೋ ದೈಹಿಕ, ಮಾನಸಿಕ ಸಾಮರ್ಥ್ಯ ಅವನಿಗಿತ್ತಾ, ಪರಿಣಾಮ ಅರ್ಥ ಮಾಡ್ಕೊಳ್ಳೋ ಶಕ್ತಿ ಇತ್ತಾ, ಯಾವ ಸನ್ನಿವೇಶದಲ್ಲಿ ನಡೀತು. ಮೂರು ತಿಂಗಳಲ್ಲಿ ಮುಗಿಸ್ಬೇಕು ಅಂತಿದೆ, ಆದ್ರೆ ನಮ್ ಕರ್ನಾಟಕದಿಂದಲೇ ಹೋದ ಒಂದು ಕೇಸಲ್ಲಿ 2024ರ ಮೇನಲ್ಲಿ ಸುಪ್ರೀಂ ಕೋರ್ಟು ಆ ಗಡುವು ಕಡ್ಡಾಯ ಅಲ್ಲ ಅಂದಿದೆ. ಇದು ವಿಚಾರಣೆನೂ ಅಲ್ಲ ಅಂತ ಕಾಯ್ದೆನೇ ಹೇಳುತ್ತೆ. ನನಗೆ ತಲೆ ಕೆಡಿಸೋದು ಇಲ್ಲೇ. ಹುಡುಗ ಹೊಡ್ದಿದಾನೋ ಇಲ್ವೋ ಅಂತ ಇನ್ನೂ ಯಾರೂ ತೀರ್ಮಾನ ಮಾಡಿಲ್ಲ, ಅಷ್ಟರಲ್ಲೇ "ಹೊಡೆಯೋವಾಗ ನಿಂಗೆ ಏನಾಗುತ್ತೆ ಅಂತ ಗೊತ್ತಿತ್ತಾ" ಅಂತ ಕೇಳ್ತಿದೀವಿ. ನಾನ್ ಹೊಡ್ದೇ ಇಲ್ಲ ಅನ್ನೋ ಹುಡುಗ ಇದಕ್ಕೇನ್ ಉತ್ರ ಕೊಡ್ಬೇಕು?

ಮನಶ್ಶಾಸ್ತ್ರಜ್ಞರ ಸಹಾಯ ತಗೋಬಹುದು ಅಂತಷ್ಟೇ ಕಾಯ್ದೆಯಲ್ಲಿತ್ತು. 2017ರಲ್ಲಿ ಗುರುಗ್ರಾಮದ ಶಾಲೆಯೊಂದ್ರಲ್ಲಿ ಏಳು ವರ್ಷದ ಮಗುವಿನ ಕೊಲೆ ಆಯ್ತಲ್ಲ, ಆರೋಪಿ ಅದೇ ಶಾಲೆಯ 16 ವರ್ಷದವನು, ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2022ರ ಜುಲೈಯಲ್ಲಿ ತೀರ್ಪು ಬಂತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿರೋರು ಯಾರೂ ಇಲ್ದಿದ್ರೆ ತಜ್ಞರ ಸಹಾಯ ತಗೊಳ್ಳೇಬೇಕು ಅಂದ್ರು. ಇನ್ನೊಂದು ಮಾತೂ ಅಂದ್ರು, ಅದು ನನಗೆ ಜಾಸ್ತಿ ಮುಖ್ಯ ಅನ್ಸುತ್ತೆ: ಅಪರಾಧ ಮಾಡೋ ಮಾನಸಿಕ ಸಾಮರ್ಥ್ಯನೂ ಪರಿಣಾಮ ಅರ್ಥ ಮಾಡ್ಕೊಳ್ಳೋ ಶಕ್ತಿನೂ ಒಂದೇ ಅಲ್ಲ. ಐಕ್ಯೂ ಚೆನ್ನಾಗಿದೆ, ಹಾಗಾಗಿ ಎಲ್ಲಾ ಗೊತ್ತಿತ್ತು ಅಂತ ಬರೆದು ಕೈ ತೊಳ್ಕೊಳ್ಳೋ ಹಾಗಿಲ್ಲ.

ನಮ್ ಹುಡುಗನ ಹತ್ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೇಡಂ ಎರಡು ಸಲ ಕೂತ್ಕೊಂಡ್ರು. ಪರಿವೀಕ್ಷಣಾಧಿಕಾರಿ ಲೈನ್ ಮನೆಗೆ ಹೋಗಿ, ಕಾಲೇಜಿಗೆ ಹೋಗಿ ಸಾಮಾಜಿಕ ತನಿಖಾ ವರದಿ ತಂದ್ರು. ಅಪ್ಪ ಇಲ್ಲ, ಅಣ್ಣ ಹೇಳಿದ್ದೇ ವೇದವಾಕ್ಯ, ಇದಕ್ಕೆ ಮುಂಚೆ ಯಾವ ಗಲಾಟೆನೂ ಇಲ್ಲ, ಕಾಲೇಜಲ್ಲಿ ಹಾಜರಾತಿ ಸರಿಯಾಗಿದೆ. ಅವನ ಮಾತು ವರದಿಯಲ್ಲಿ ಹೀಗಿತ್ತು: "ಅಮ್ಮಂಗೆ ಸಾರಿ ಕೇಳ್ಲಿ ಅಂತ ಹಿಡ್ಕೊಂಡೆ ಮೇಡಂ, ಅಣ್ಣ ಕಾವು ತಗೊಂಡಿದ್ದು ನಂಗೆ ಕಂಡಿಲ್ಲ." ಮಂಡಳಿ ದೈಹಿಕ ಸಾಮರ್ಥ್ಯ ಇತ್ತು ಅಂತ ಒಪ್ತು, ಪರಿಣಾಮದ ಅರಿವು ಆ ಹೊತ್ತಿನಲ್ಲಿ ಇತ್ತು ಅನ್ನೋದಕ್ಕೆ ಆಧಾರ ಸಾಲ್ದು ಅಂತ, ಸನ್ನಿವೇಶ ಯೋಜನೆ ಮಾಡಿದ್ದಲ್ಲ ಅಂತ ಬರ್ದು, ಕೇಸನ್ನ ತನ್ನ ಹತ್ರಾನೇ ಇಟ್ಕೊಳ್ತು. ಸರ್ಕಾರಿ ವಕೀಲ್ರು ಮೇಲ್ಮನವಿ ಹಾಕ್ಬಹುದಿತ್ತು, ಹಾಕ್ಲಿಲ್ಲ.

ಉಲ್ಟಾ ಆಗಿದ್ರೆ? ಮಕ್ಕಳ ನ್ಯಾಯಾಲಯಕ್ಕೆ ಹೋಗಿರೋದು, ಅಲ್ಲಿ 19ನೇ ಸೆಕ್ಷನ್ ಪ್ರಕಾರ ಜಡ್ಜ್ ಸಾಹೇಬ್ರು ಮತ್ತೆ ಅದೇ ಪ್ರಶ್ನೆ ಕೈಗೆತ್ಕೊಂಡು ದೊಡ್ಡೋರ ಥರ ವಿಚಾರಣೆ ಬೇಕಾ ಬೇಡ್ವಾ ಅಂತ ತಾವೇ ನಿರ್ಧಾರ ಮಾಡ್ಬೇಕಾಗಿತ್ತು, ಅದು ಕಾಟಾಚಾರಕ್ಕೆ ಮಾಡೋದಲ್ಲ ಅಂತ 2023ರಲ್ಲಿ ಅಜೀತ್ ಗುರ್ಜರ್ ಕೇಸಲ್ಲಿ ಬಂದಿದೆ. ಅಲ್ಲೂ ದೊಡ್ಡೋರ ಥರಾನೇ ಅಂತಾಗಿ ಕೊಲೆ ಸಾಬೀತಾದ್ರೂ 21ನೇ ಸೆಕ್ಷನ್ ಅಡ್ಡ ನಿಲ್ಲುತ್ತೆ, ಗಲ್ಲೂ ಇಲ್ಲ, ಬಿಡುಗಡೆ ಸಾಧ್ಯತೆನೇ ಇಲ್ಲದ ಜೀವಾವಧಿನೂ ಇಲ್ಲ. 21 ವರ್ಷ ತುಂಬೋವರೆಗೂ ಸುರಕ್ಷಿತ ಸ್ಥಳ ಅಂತ ಬೇರೆ ಜಾಗ, ಜೈಲಿಗೆ ಹಾಕೋ ಹಾಗಿಲ್ಲ. 21 ಆದಾಗ ಕೋರ್ಟು ಅವನನ್ನ ಮತ್ತೆ ಕರೆದು ವರದಿ ತರಿಸ್ಕೊಂಡು ಬದಲಾಗಿದಾನಾ ಅಂತ ನೋಡುತ್ತೆ, ಬದಲಾಗಿದ್ರೆ ನಿಗಾ ಇಟ್ಟು ಬಿಡಬಹುದು, ಇಲ್ಲಾಂದ್ರೆ ಉಳಿದಿದ್ದನ್ನ ಜೈಲಲ್ಲಿ ಮುಗಿಸ್ಬೇಕು. ಇದು ನಂಗೆ ಇಡೀ ಕಾಯ್ದೆಯಲ್ಲೇ ಬುದ್ಧಿವಂತಿಕೆಯ ಜಾಗ ಅನ್ಸುತ್ತೆ, ಯಾಕಂದ್ರೆ ಶಿಕ್ಷೆ ಕೊಟ್ಟ ಮೇಲೂ ಮನುಷ್ಯನ್ನ ಇನ್ನೊಂದ್ಸಲ ನೋಡೋಕೆ ಕೋರ್ಟಿಗೆ ಅವಕಾಶ ಇರೋದು ಇಲ್ಲಿ ಮಾತ್ರ. ಆದ್ರೆ ಒಂದು ನಷ್ಟ ಇದೆ. ಮಂಡಳಿಯಲ್ಲಿ ಮುಗಿದ ಹುಡುಗಂಗೆ ಆ ದಾಖಲೆ ಮುಂದೆ ಕೆಲ್ಸಕ್ಕೆ, ಬದುಕಿಗೆ ಅಡ್ಡ ಬರಬಾರ್ದು ಅಂತ 24ನೇ ಸೆಕ್ಷನ್ ರಕ್ಷಣೆ ಕೊಡುತ್ತೆ, ದೊಡ್ಡೋರ ಥರ ವಿಚಾರಣೆ ಆಗಿ ತಪ್ಪಿತಸ್ಥ ಆದೋನಿಗೆ ಆ ರಕ್ಷಣೆ ಇಲ್ಲ.

ಈ 16-18ರ ಗೆರೆ ಬಂದಿದ್ದೇ 2012ರ ಡಿಸೆಂಬರಿನ ದೆಹಲಿಯ ನಿರ್ಭಯಾ ಅತ್ಯಾಚಾರ, ಕೊಲೆ ಘಟನೆ ಆದ್ಮೇಲೆ. ಅದ್ರಲ್ಲಿ ಒಬ್ಬನಿಗೆ 18 ಆಗೋಕೆ ಕೆಲವೇ ತಿಂಗಳಿತ್ತು, ಮೂರು ವರ್ಷಕ್ಕೆ ಹೊರಗೆ ಬಂದ, ಜನರ ಸಿಟ್ಟು ನೆತ್ತಿಗೇರಿತ್ತು, 2015ರ ಡಿಸೆಂಬರಲ್ಲಿ ಅವನು ಬಿಡುಗಡೆ ಆದ ವಾರದಲ್ಲೇ ರಾಜ್ಯಸಭೆ ಹೊಸ ಕಾಯ್ದೆ ಪಾಸ್ ಮಾಡ್ತು, 2016ರ ಜನವರಿ 15ಕ್ಕೆ ಜಾರಿಗೆ ಬಂತು. ಸಿಟ್ಟಲ್ಲಿ ಮಾಡಿದ ಕಾನೂನು ಅಂತ ಬಯ್ಯೋರಿದಾರೆ. ನಾನು ಪೂರ್ತಿ ಬಯ್ಯಲ್ಲ, ಆದ್ರೆ ಎಸ್ಟೇಟ್ ಕೈಮರದ ತಳ್ಳಾಟಕ್ಕೂ ಅದಕ್ಕೂ ಒಂದೇ ಬಾಗಿಲು ಇಟ್ಟಿದಾರೆ ಅನ್ನೋದಂತೂ ಸತ್ಯ.

ಅಣ್ಣನ ಕಡೆ ಬರೋಣ. ಅವನು ಹಾಸನದ ಜೈಲಲ್ಲಿ, ಕೇಸು ಹಾಸನದ ಸೆಷನ್ಸ್ ಕೋರ್ಟಲ್ಲಿ. ಮಕ್ಕಳನ್ನೂ ದೊಡ್ಡೋರನ್ನೂ ಒಟ್ಟಿಗೆ ವಿಚಾರಣೆ ಮಾಡೋ ಹಾಗಿಲ್ಲ ಅಂತ 23ನೇ ಸೆಕ್ಷನ್, ಹಾಗಾಗಿ ಅಂಗಡಿಯವ್ರು ಮಂಡಳಿ ಮುಂದೆ ಒಂದ್ಸಲ, ಸೆಷನ್ಸಲ್ಲಿ ಒಂದ್ಸಲ ಸಾಕ್ಷಿ ಹೇಳ್ಬೇಕಾಯ್ತು. ಮೊದಲ ಸಲ "ಚಿಕ್ಕೋನು ಕೊರಳ್ ಪಟ್ಟಿ ಹಿಡ್ದಿದ್ದ" ಅಂದೋರು ಎರಡನೇ ಸಲ "ಬಿಡಿಸೋಕೆ ಹೋಗಿದ್ದ ಅನ್ಸುತ್ತೆ ಸ್ವಾಮಿ" ಅಂದ್ರು. ಸಣ್ಣ ಊರಲ್ಲಿ ಸಾಕ್ಷಿಗಳು ಎಲ್ಲರ ಮುಖನೂ ನೋಡ್ಕೊಂಡು ಬದುಕ್ಬೇಕಲ್ಲ.

ಹತ್ತೊಂಬತ್ತು ವರ್ಷದೋನಿಗೆ ಕೊಲೆ ಸಾಬೀತಾದ್ರೆ ಜಡ್ಜ್ ಕೈ ಕಟ್ಟಿದ ಹಾಗೆ. 103(1)ರಲ್ಲಿ ಗಲ್ಲು ಅಥವಾ ಜೀವಾವಧಿ, ಎರಡೇ. ಪಾಪ ಚಿಕ್ ವಯಸ್ಸು, ಎಂಟು ವರ್ಷ ಕೊಡೋಣ ಅನ್ನೋ ಹಾಗಿಲ್ಲ. ವಯಸ್ಸು ಕಡಿಮೆ ಅನ್ನೋದು ಗಲ್ಲಿನಿಂದ ಉಳಿಸುತ್ತೆ, 1980ರ ಬಚ್ಚನ್ ಸಿಂಗ್ ತೀರ್ಪಲ್ಲೇ ಅದು ಶಿಕ್ಷೆ ತಗ್ಗಿಸೋ ಅಂಶ ಅಂತ ಬಂದಿದೆ, ಜೀವಾವಧಿಯಿಂದ ಕೆಳಗೆ ಮಾತ್ರ ತರಲ್ಲ. 21 ತುಂಬದೋರನ್ನ ಆದಷ್ಟು ಜೈಲಿಗೆ ಕಳಿಸ್ಬೇಡಿ ಅನ್ನೋ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ, ಅದ್ರ 6ನೇ ಸೆಕ್ಷನ್ ಜೀವಾವಧಿ ಶಿಕ್ಷೆ ಇರೋ ಅಪರಾಧಕ್ಕೆ ಅನ್ವಯ ಆಗಲ್ಲ. ಕೊಲೆಗೆ ಜೀವಾವಧಿ ಆದ್ರೆ 14 ವರ್ಷ ಒಳಗಿರೋದಕ್ಕೆ ಮುಂಚೆ ಸರ್ಕಾರ ಮಾಫಿ ಕೊಟ್ಟು ಬಿಡೋಕಾಗಲ್ಲ. ತಮ್ಮಂಗೆ ಮಂಡಳಿಯಲ್ಲಿ ಗರಿಷ್ಠ ಮೂರು, ಅಣ್ಣಂಗೆ ಕನಿಷ್ಠ ಹದಿನಾಲ್ಕು. ಹದಿನೆಂಟು ಅನ್ನೋ ಗೆರೆ ಎಲ್ಲೋ ಒಂದು ಕಡೆ ಎಳೀಲೇಬೇಕು, ಅದಕ್ಕೆ ನನ್ ತಕರಾರಿಲ್ಲ, ಆದ್ರೆ ಗೆರೆಯ ಆಚೆ ಕಡೆ 18ರಿಂದ 21ರವರೆಗೆ ಕೊಲೆ ಕೇಸಲ್ಲಿ ಒಂದು ಮೆಟ್ಲೂ ಇಡದೇ ಇರೋದು ಸರಿ ಅಲ್ಲ ಅಂತ ನನ್ ಅಭಿಪ್ರಾಯ.

ಆದ್ದರಿಂದ ವಕೀಲ್ರ ಇಡೀ ಹೋರಾಟ ಶಿಕ್ಷೆ ದಿನಕ್ಕೆ ಅಲ್ಲ, 103ನ್ನ 105 ಮಾಡೋದಕ್ಕೆ. ಕೊಲೆನ ಕೊಲೆಯಲ್ಲದ ನರಹತ್ಯೆಗೆ ಇಳಿಸೋ ವಿನಾಯಿತಿಗಳಲ್ಲಿ ಮೊದಲನೇದು, ಹಠಾತ್ ಪ್ರಚೋದನೆ, ಇಲ್ಲಿ ನಿಲ್ಲಲ್ಲ, ಬಟವಾಡೆ ಮೂರಕ್ಕೆ, ಹೊಡೆದಿದ್ದು ಏಳಕ್ಕೆ. ಸಿಟ್ಟು ಇಳಿಯೋಕೆ ಟೈಮ್ ಇದ್ರೆ ಆ ವಾದ ಬಿದ್ದೋಗುತ್ತೆ, 1961ರ ನಾನಾವತಿ ತೀರ್ಪಿಂದ ಇದೇ ನಡ್ಕೊಂಡ್ ಬಂದಿದೆ. ವಕೀಲ್ರು ಹಿಡ್ದಿದ್ದು ನಾಲ್ಕನೇ ವಿನಾಯಿತಿ: ಪೂರ್ವತಯಾರಿ ಇಲ್ಲದ ದಿಢೀರ್ ಜಗಳ, ಕೋಪದ ಭರ, ಕ್ರೂರವಾಗಿ ನಡ್ಕೊಂಡಿಲ್ಲ, ಎದುರಿನೋನ ಅಸಹಾಯಕತೆಯ ಲಾಭ ತಗೊಂಡಿಲ್ಲ. ಸರ್ಕಾರಿ ವಕೀಲ್ರು 1958ರ ವಿರ್ಸಾ ಸಿಂಗ್ ತೀರ್ಪು ತಂದ್ರು, ಕೊಲ್ಲೋ ಉದ್ದೇಶ ಇಲ್ದಿದ್ರೂ ಬೇಕಂತಲೇ ಮಾಡಿದ ಗಾಯ ಸಹಜವಾಗಿ ಸಾವು ತರೋವಷ್ಟಿದ್ರೆ ಅದು ಕೊಲೆನೇ ಅಂತ. "ತಲೆಗೆ ಹೊಡ್ದಿದಾನೆ ಸ್ವಾಮಿ, ಕಾಲಿಗಲ್ಲ." ಡಾಕ್ಟ್ರು ಪಾಟೀಸವಾಲಿನಲ್ಲಿ ತಲೆ ಗಾಯ ಒಂದೇ, ಬೇಗ ಆಪರೇಷನ್ ಆಗಿದ್ರೆ ಉಳಿಯೋ ಸಾಧ್ಯತೆ ಇತ್ತು ಅಂದ್ರು. ಬೇಗ ಚಿಕಿತ್ಸೆ ಸಿಕ್ಕಿದ್ರೆ ಉಳೀತಿದ್ರು ಅನ್ನೋದು ಆರೋಪಿಗೆ ಕಾನೂನಿನಲ್ಲಿ ಸಮರ್ಥನೆ ಆಗಲ್ಲ, ಆದ್ರೆ ಏಟಿನ ಜೋರು ಎಷ್ಟಿತ್ತು, ಅವನ ತಲೇಲಿ ಏನಿತ್ತು ಅಂತ ತೂಗೋಕೆ ಆ ಮಾತು ಉಪಯೋಗಕ್ಕೆ ಬಂತು.

ಜಡ್ಜ್ ಸಾಹೇಬ್ರು 105ರ ಎರಡನೇ ಭಾಗಕ್ಕೆ ಇಳಿಸಿದ್ರು. ಆಯುಧ ಮನೆಯಿಂದ ತಂದಿದ್ದಲ್ಲ, ತಲೆಗೆ ಒಂದೇ ಏಟು, ತಾನೇ ನಿಲ್ಸಿ ನೀರು ಕೊಟ್ಟಿದಾನೆ, ಸಾವು ತರಬಹುದು ಅನ್ನೋ ಅರಿವಿತ್ತು, ಉದ್ದೇಶ ಇರ್ಲಿಲ್ಲ. ಈಗ ಹತ್ತು ವರ್ಷದ ಒಳಗೆ ಎಷ್ಟು ಬೇಕಾದ್ರೂ ಕೊಡೋ ಸ್ವಾತಂತ್ರ್ಯ ಸಿಕ್ತು, ವಯಸ್ಸು ಮೊದಲನೇ ಸಲ ಕೆಲಸಕ್ಕೆ ಬಂತು. ಒಂದು ಕಡೆ ಹತ್ತೊಂಬತ್ತು ವರ್ಷ, ಹಿಂದಿನ ಕೇಸಿಲ್ಲ. ಇನ್ನೊಂದು ಕಡೆ ನಾಲ್ಕು ಗಂಟೆ ಯೋಚ್ನೆ ಮಾಡೋಕೆ ಟೈಮಿತ್ತು, ಎದುರಿಗಿದ್ದೋರ ಕೈಯಲ್ಲಿ ಏನೂ ಇರ್ಲಿಲ್ಲ, ಏಳು ವರ್ಷದ ಕೂಸು ಅಪ್ಪನ್ನ ಕಳ್ಕೊಂಡಿದೆ. ಏಳು ವರ್ಷ ಜೈಲು, ದಂಡ, ವಿಚಾರಣೆ ಹೊತ್ತಲ್ಲಿ ಒಳಗಿದ್ದ ದಿನಗಳು ಅದ್ರಲ್ಲೇ ಕಳೀಬೇಕು.

ತಮ್ಮನ ಆದೇಶ ಅದಕ್ಕೆ ಮುಂಚೆನೇ ಬಂದಿತ್ತು. ಹಿಡ್ಕೊಂಡಿದ್ದು ಸಾಬೀತು, ಕೊಲ್ಲೋ ಉದ್ದೇಶದಲ್ಲಿ ಪಾಲಿಲ್ಲ. ಒಂದು ವರ್ಷ ವಿಶೇಷ ಗೃಹ, ಕೌನ್ಸೆಲಿಂಗು, ಪಿಯುಸಿ ಪರೀಕ್ಷೆ ಬರೆಯೋ ವ್ಯವಸ್ಥೆ. ಇಲ್ಲೊಂದು ವಿಚಿತ್ರ ಇದೆ ಗಮನಿಸಿ. ಅಕಸ್ಮಾತ್ ಅವನನ್ನ ದೊಡ್ಡೋರ ಥರ ವಿಚಾರಣೆಗೆ ಕಳಿಸಿ, ಕೊನೆಗೆ ಅಣ್ಣನ ಕೇಸಿನ ಹಾಗೆ ಇದು 105 ಅಂತ ತೀರ್ಮಾನ ಆಗಿದ್ರೆ, ಅಂಥ ವಿಚಾರಣೆಗೆ ಹೋಗಲೇಬಾರದಾಗಿದ್ದ ಹುಡುಗ ಅದನ್ನ ಪೂರ್ತಿ ಅನುಭವಿಸಿರ್ತಿದ್ದ. ಚಾರ್ಜ್‌ಶೀಟ್ ಬರೆಯೋರು 103 ಅಂತ ಬರೆಯೋಕೆ ಮುಂಚೆ ಈ ದಾರಿ ಎಲ್ಲಿಗೆ ಹೋಗುತ್ತೆ ಅಂತ ಒಂದ್ ಗಳಿಗೆ ನೋಡ್ಬೇಕು, ಮಂಡಳಿ ಮುಂದೆ ನಿಲ್ಲೋ ವಕೀಲ್ರೂ ಅಷ್ಟೇ, ಬೇಲ್ ಅರ್ಜಿಗಿಂತ ಮುಂಚೆ ಸೆಕ್ಷನ್ ಬಗ್ಗೆ ತಕರಾರು ಎತ್ತಬೇಕು.

ರೈಟ್ರ ಹೆಂಡ್ತಿ ಮಂಡಳಿ ಆಫೀಸಿನ ಹೊರಗೆ ಕೇಳಿದ್ದು ಒಂದೇ ಮಾತು. "ಒಂದ್ ವರ್ಷನಾ ಸಾರ್, ನಮ್ಮೆಜಮಾನ್ರ ಜೀವಕ್ಕೆ?" ಅವ್ರ ದೃಷ್ಟಿಯಲ್ಲಿ ಹಿಡ್ದೋನು, ಹೊಡ್ದೋನು ಇಬ್ರೂ ಒಂದೇ, ಅದಕ್ಕೆ ಕಾನೂನಿನ ಪಾಠ ಹೇಳ್ಕೊಂಡು ಕೂರೋಕಾಗಲ್ಲ. ಅವ್ರಿಗೆ ಯಾರೂ ಹೇಳದೇ ಇದ್ದಿದ್ದು ಅಂದ್ರೆ, ಇವ್ರಿಬ್ರ ಶಿಕ್ಷೆ ಎಷ್ಟೇ ಆಗ್ಲಿ, ಕೇಸ್ ಮುಗಿಯೋದನ್ನ ಕಾಯದೇನೇ ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕ್ಬಹುದು ಅನ್ನೋದು. ಅಣ್ಣನ ತೀರ್ಪಲ್ಲಿ ದಂಡದ ಹಣ ಅವ್ರಿಗೆ ಕೊಡಿ ಅಂತ ಜಡ್ಜ್ ಸಾಹೇಬ್ರು ಬರೆದ್ರು, ಪರಿಹಾರಕ್ಕೆ ಶಿಫಾರಸ್ಸೂ ಮಾಡಿದ್ರು, ಆದ್ರೆ ದಂಡ ಕಟ್ಟೋಕೆ ಆ ಲೈನ್ ಮನೆಯಲ್ಲಿ ದುಡ್ಡಿಲ್ಲ. ಹಾಗಾಗಿ ಪ್ರಾಧಿಕಾರದ ಅರ್ಜಿನೇ ಗತಿ, ಅದಕ್ಕೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆ ವರದಿ, ವಾರಸುದಾರರ ದಾಖಲೆ ಜೋಡಿಸ್ಕೊಂಡು ಹಾಸನದ ಕೋರ್ಟ್ ಆವರಣದಲ್ಲಿರೋ ಅವ್ರ ಕಚೇರಿಗೆ ಹೋದ್ರೆ ವಕೀಲ್ರ ಫೀಸ್ ಇಲ್ದೇನೇ ಅರ್ಜಿ ಬರೆಸ್ಕೋಬಹುದು.